ಜಯಪತ್ರವಿಲ್ಲದ ವಾದ

ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯ ಅಬಲೂರಿನಲ್ಲಿ ಎಂಟು ಶತಮಾನಗಳ ಹಿಂದಿನ ಒಂದು ವಾದ ಕಲ್ಲಿನಲ್ಲಿ ನಿಂತಿದೆ. ಏಕಾಂತದ ರಾಮಯ್ಯ ಎಂಬ ಶಿವಭಕ್ತನಿಗೂ ಊರಿನ ಜೈನರಿಗೂ ದೇವರ ವಿಷಯಕ್ಕೆ ಮಾತು ಬೆಳೆಯಿತು, ಮಾತು ಪಣಕ್ಕೆ ತಿರುಗಿತು. ರಾಮಯ್ಯ ತನ್ನ ತಲೆಯನ್ನೇ ಒಡ್ಡಿದ. ಎದುರಿನವರು ತಾವು ಸೋತರೆ ಏನು ಮಾಡುತ್ತೇವೆ ಎಂಬುದನ್ನು ಓಲೆಯಲ್ಲಿ ಬರೆದುಕೊಟ್ಟರು. ಕಡಿದ ತಲೆಯನ್ನು ಆತ ಏಳನೆಯ ದಿನ ಮರಳಿ ಪಡೆದ, ಆಮೇಲೆ ಜಿನಬಿಂಬ ಒಡೆಯಿತು, ದೂರು ಕಲಚುರಿ ಬಿಜ್ಜಳನ ತನಕ ಹೋಯಿತು, ಬಿಜ್ಜಳ ವಿಚಾರಿಸಿ ರಾಮಯ್ಯನಿಗೆ ಜಯಪತ್ರ ಕೊಟ್ಟ ಎಂದು ಶಾಸನ ಹೇಳುತ್ತದೆ. ಸುಮಾರು 1200ರ ಹೊತ್ತಿನ ಈ ಶಾಸನವನ್ನು ಜೆ. ಎಫ್. ಫ್ಲೀಟ್ ಅವರು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಇದು ಗೆದ್ದ ಕಡೆಯವರ ಮಾತು. ಸೋತವರು ಅಂದು ಏನು ಹೇಳಿದರು, ಹೇಗೆ ವಾದಿಸಿದರು ಎಂಬುದು ಆ ಕಲ್ಲಿನಲ್ಲಿ ಇಲ್ಲ.

ಅದೇ ಸೀಮೆಯ ಮಾಸೂರಿಗೆ ಬೇರೆಯದೇ ನೆನಪಿದೆ. ತ್ರಿಪದಿಗಳ ಸರ್ವಜ್ಞನ ತಂದೆ ಬಸವರಸ ಮಾಸೂರಿನವನು, ತಾಯಿ ಮಾಳಿ ಅಬಲೂರಿನ ಕುಂಬಾರಗಿತ್ತಿ ಎಂದು ಪರಂಪರೆ ಹೇಳಿಕೊಂಡು ಬಂದಿದೆ. ಎಲ್ಲ ಬಲ್ಲವನು ಎಂಬ ಹೆಸರು ಹೊತ್ತ ಈ ಕವಿ ಆ ಹೆಸರಿಗೆ ಕೊಟ್ಟ ವಿವರಣೆ ಕನ್ನಡ ಶಾಲೆಯ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ತನ್ನ ತಿಳಿವು ತನ್ನೊಬ್ಬನದಲ್ಲ, ಊರೂರಿನ ಜನರಿಂದ ಚೂರುಚೂರಾಗಿ ಪಡೆದದ್ದು ಎಂಬುದು ಅದರ ತಾತ್ಪರ್ಯ. ಗೆದ್ದು ಪತ್ರ ಪಡೆದವನ ಊರೂ ಕೇಳಿ ಕಲಿತವನ ಊರೂ ಒಂದೇ ಸೀಮೆಯಲ್ಲಿವೆ. ಇಂದು ಮೊಬೈಲಿನ ಪರದೆಯ ಮೇಲೆ ತಿಳಿವಳಿಕೆ ಹಂಚಿಕೊಳ್ಳಲು ಕೂಡುವ ಜನರ ಮುಂದೆಯೂ ಈ ಎರಡೇ ದಾರಿಗಳಿವೆ.

ಹಾಗೆ ಕೂಡುವವರು ಈಗ ಬಹಳ ಮಂದಿ. ಗೋವಿನಜೋಳಕ್ಕೆ ಬಿದ್ದ ಹುಳುವಿನ ಫೋಟೊ ಕಳಿಸಿ ಮದ್ದು ಕೇಳುವ ರೈತರ ವಾಟ್ಸಾಪ್ ಗುಂಪುಗಳಿವೆ. ಧಾರವಾಡದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ನೋಟ್ಸ್ ಹಂಚಿಕೊಳ್ಳುವ ಟೆಲಿಗ್ರಾಂ ಗುಂಪುಗಳಿವೆ. ಶಾಸನದ ಅಕ್ಷರ ಓದಲು ಒಬ್ಬರಿಗೊಬ್ಬರು ನೆರವಾಗುವವರಿದ್ದಾರೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವಿದೆ, 2005ರಲ್ಲಿ ಬಂದ ‘ಸಂಪದ’ದಂಥ ತಾಣಗಳ ನೆನಪಿದೆ. ಇಲ್ಲಿ ಯಾರೂ ಸಂಬಳಕ್ಕೆ ಕೂತಿಲ್ಲ. ಬಂದವರು ಮನಸ್ಸಿದ್ದು ಬಂದವರು, ಮನಸ್ಸು ಮುರಿದರೆ ಹೇಳದೆ ಹೋಗುವವರು. ಆದ್ದರಿಂದಲೇ ಸದಸ್ಯರು ಒಬ್ಬರನ್ನೊಬ್ಬರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ಇಲ್ಲಿ ಬರಿಯ ಶಿಷ್ಟಾಚಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ. ನಡೆ ಕೆಟ್ಟರೆ ತಿಳಿವೇ ನಿಲ್ಲುತ್ತದೆ.

ಇದಕ್ಕೆ ಒಳ್ಳೆಯ ಸಾಕ್ಷಿ ಇಂಗ್ಲಿಷ್ ವಿಕಿಪೀಡಿಯದ್ದು. ಅಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರವರೆಗೆ ಏರಿತು, ಆಮೇಲೆ ಇಳಿಯತೊಡಗಿತು. ಏಕೆ ಎಂದು ಆರನ್ ಹಾಫೇಕರ್ ಮತ್ತು ಸಂಗಡಿಗರು ಹುಡುಕಿ 2013ರಲ್ಲಿ ಪ್ರಬಂಧ ಪ್ರಕಟಿಸಿದರು. ಕಿಡಿಗೇಡಿಗಳನ್ನು ತಡೆಯಲು ಹಳಬರು ಕಟ್ಟಿಕೊಂಡ ಸ್ವಯಂಚಾಲಿತ ಸಲಕರಣೆಗಳೂ ಬಿಗಿಯಾದ ನಿಯಮಗಳೂ, ಒಳ್ಳೆಯ ಮನಸ್ಸಿನಿಂದ ಬಂದು ತಪ್ಪು ಮಾಡಿದ ಹೊಸಬರನ್ನೂ ಅದೇ ಬಲೆಯಲ್ಲಿ ಹಿಡಿದಿದ್ದವು. ಬರೆದದ್ದು ಕ್ಷಣದಲ್ಲಿ ಅಳಿಸಿಹೋಗಿ, ಅಚ್ಚು ಹೊಡೆದಂಥ ಎಚ್ಚರಿಕೆಯ ಸಂದೇಶ ಮಾತ್ರ ಸಿಕ್ಕ ಹೊಸಬ ಮರಳಿ ಬರಲಿಲ್ಲ. ‘ಹೊಸಬರನ್ನು ಕಚ್ಚಬೇಡಿ’ ಎಂಬ ಮಾರ್ಗಸೂಚಿ ಆ ಬಳಗದಲ್ಲಿ ಆಗಲೇ ಇತ್ತು. ಹಾಗಿದ್ದೂ ಹೀಗಾಯಿತು.

ಪ್ರೋಗ್ರಾಮಿಂಗ್ ಕಲಿಯುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಕದ ತಟ್ಟುತ್ತಿದ್ದ ಸ್ಟ್ಯಾಕ್ ಓವರ್‌ಫ್ಲೋ 2008ರಲ್ಲಿ ಹುಟ್ಟಿತು. ಉತ್ತರಗಳ ಗುಣಮಟ್ಟಕ್ಕೆ ಅದಕ್ಕೆ ಸಾಟಿ ಇರಲಿಲ್ಲ. ಆದರೆ ‘ಈ ಪ್ರಶ್ನೆ ಮೊದಲೇ ಕೇಳಿದ್ದಾರೆ’ ಎಂದು ಬಾಗಿಲು ಮುಚ್ಚುವುದು, ಕಾರಣ ಹೇಳದೆ ಅಂಕ ಕಳೆಯುವುದು ಅಲ್ಲಿ ರೂಢಿಯಾಯಿತು. 2018ರ ಏಪ್ರಿಲ್‌ನಲ್ಲಿ ಸಂಸ್ಥೆಯೇ ತಮ್ಮ ತಾಣ ಹೊಸಬರನ್ನೂ ಹೆಂಗಸರನ್ನೂ ಅಂಚಿನ ಸಮುದಾಯದವರನ್ನೂ ಬರಮಾಡಿಕೊಳ್ಳುತ್ತಿಲ್ಲ ಎಂದು ಬಹಿರಂಗವಾಗಿ ಒಪ್ಪಿಕೊಂಡು ಆ ವರ್ಷವೇ ಹೊಸ ನಡಾವಳಿ ತಂದಿತು. ಅದೇ 2018ರ ಸೆಪ್ಟೆಂಬರ್‌ನಲ್ಲಿ ಲಿನಕ್ಸ್ ಕರ್ತೃ ಲೀನಸ್ ಟೊರ್ವಾಲ್ಡ್ಸ್ ವರ್ಷಗಟ್ಟಲೆ ಸಹೋದ್ಯೋಗಿಗಳಿಗೆ ಬರೆದ ಕಟುಪತ್ರಗಳಿಗೆ ಕ್ಷಮೆ ಕೇಳಿ ಕೆಲಕಾಲ ಕೆಲಸದಿಂದ ದೂರ ಉಳಿದರು. ಕೆಲಸ ಚೆನ್ನಾಗಿದ್ದರೆ ಸಾಕು, ಮಾತು ಹೇಗಿದ್ದರೇನು ಎಂಬ ನಂಬಿಕೆಯ ಮೇಲೆಯೇ ಕಟ್ಟಿದಂತಿದ್ದ ಬಳಗ ಅದು. ಅಲ್ಲಿಯೇ ಆ ನಂಬಿಕೆ ಬಿರುಕು ಬಿಟ್ಟದ್ದು ಸಣ್ಣ ಸಂಗತಿಯಲ್ಲ.

ಕನ್ನಡದ ಬಳಗಗಳಿಗೆ ಬಂದರೆ ಲೆಕ್ಕಾಚಾರ ಬೇರೆ. 2011ರ ಜನಗಣತಿಯ ಪ್ರಕಾರ ಕನ್ನಡ ತಾಯ್ನುಡಿಯವರು 4.37 ಕೋಟಿ. ಕನ್ನಡ ವಿಕಿಪೀಡಿಯದ ಲೇಖನಗಳು ಎರಡು ದಶಕದ ದುಡಿಮೆಯ ಬಳಿಕ ಮೂವತ್ತು ಸಾವಿರ ದಾಟಿವೆ. ಅಲ್ಲಿ ತಿಂಗಳು ತಿಂಗಳೂ ಬಿಡದೆ ಬರೆಯುವವರನ್ನು ಎಣಿಸಿ ಹೆಸರು ಹೇಳಬಹುದು. ದೊಡ್ಡ ಭಾಷೆಯ ಬಳಗದಲ್ಲಿ ನೂರು ಜನ ಮುನಿದು ಹೋದರೆ ಇನ್ನೂರು ಜನ ಬರುತ್ತಾರೆ. ಇಲ್ಲಿ ಒಬ್ಬರು ಹೋದರೆ ಒಂದು ವಿಷಯವೇ ಹೋಗುತ್ತದೆ. ಹಕ್ಕಿಗಳ ಬಗ್ಗೆ ಬರೆಯುತ್ತಿದ್ದವರು ನಿಲ್ಲಿಸಿದರೆ ಹಕ್ಕಿಗಳ ಪುಟಗಳು ನಿಂತವು ಎಂದೇ ಅರ್ಥ.

ವಿಕಿಪೀಡಿಯದ ಕನ್ನಡ ಬಳಗ ತನ್ನ ಸಾರ್ವಜನಿಕ ಚರ್ಚೆಯ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರಿಟ್ಟಿದೆ. ಚೆಂದದ ಹೆಸರು. ಹಾವೇರಿ ಕಡೆಯ ಯಾವ ಊರಿಗೆ ಹೋದರೂ ಕಟ್ಟೆಯಿದೆ, ಕಟ್ಟೆಯ ಮೇಲೆ ಮಾತಿದೆ. ಆದರೆ ಊರ ಕಟ್ಟೆಯ ಮೇಲೆ ಎಲ್ಲರೂ ಕೂರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಕೆಲವು ಓಣಿಯವರು ಕೆಳಗೆ ನಿಲ್ಲಬೇಕಿತ್ತು, ಹೆಂಗಸರು ಸೆರಗು ಸರಿಪಡಿಸಿಕೊಂಡು ಬೇಗ ದಾಟಿಹೋಗಬೇಕಿತ್ತು. ಪರದೆಯ ಮೇಲಿನ ಕಟ್ಟೆಗೆ ಹೆಸರು ಬಂದಂತೆ ಈ ಹಳೆಯ ರೂಢಿಗಳೂ ಹಿಂದೆಯೇ ಬರಬಹುದು. ವಿಕಿಮೀಡಿಯ ಪ್ರತಿಷ್ಠಾನ 2011ರಲ್ಲಿ ಜಗತ್ತಿನಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ ಸಂಪಾದಕರ ಪೈಕಿ ಮಹಿಳೆಯರು ನೂರಕ್ಕೆ ಹತ್ತರಷ್ಟೂ ಇರಲಿಲ್ಲ. ಕಟ್ಟೆ ದೊಡ್ಡದಾದರೂ ಕೂತವರು ಹೆಚ್ಚು ಕಡಿಮೆ ಅವರೇ.

ಕನ್ನಡದಲ್ಲಿ ಜಗಳ ಹೇಗೆ ಹುಟ್ಟುತ್ತದೆ ಎಂಬುದನ್ನು ಕನ್ನಡದಲ್ಲಿಯೇ ನೋಡಬೇಕು. ಇಂಗ್ಲಿಷಿನಲ್ಲಿ ಎದುರಿನವರನ್ನು ಕರೆಯಲು ಒಂದೇ ಪದ ಸಾಕು. ಕನ್ನಡದಲ್ಲಿ ಮೊದಲ ವಾಕ್ಯಕ್ಕೇ ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ ಎಂದು ತೀರ್ಮಾನವಾಗಬೇಕು. ಪರದೆಯ ಮೇಲೆ ಎದುರಿನವರ ವಯಸ್ಸು ಕಾಣುವುದಿಲ್ಲ, ತಲೆಗೂದಲು ಕಾಣುವುದಿಲ್ಲ. ‘ಏಕವಚನದಲ್ಲಿ ಮಾತಾಡಬೇಡಿ’ ಎಂಬಲ್ಲಿಗೆ ಬಂದ ಚರ್ಚೆ ಮತ್ತೆ ವಿಷಯಕ್ಕೆ ಮರಳುವುದು ಅಪರೂಪ. ಅಷ್ಟೂ ಹೊತ್ತು ನಡೆದ ಕೆರೆಯ ಮಾತು, ಬೆಳೆಯ ಮಾತು, ವ್ಯಾಕರಣದ ಮಾತು ಅಲ್ಲಿಗೇ ಮುಗಿಯುತ್ತದೆ. ಗುರುತಿಲ್ಲದವರನ್ನು ಬಹುವಚನದಲ್ಲಿಯೇ ಕರೆಯುವುದು ಕನ್ನಡ ಬಳಗಗಳ ಮೊದಲ ನಿಯಮವಾಗಬೇಕು. ಹದಿನಾರರ ಹುಡುಗಿಗೂ ‘ರೀ’ ಹಚ್ಚಿ ಮಾತಾಡುವ ಧಾರವಾಡ ಸೀಮೆಯ ನಡೆ ಇದಕ್ಕೆ ಹೇಳಿ ಮಾಡಿಸಿದ್ದು.

ಇದರ ಇನ್ನೊಂದು ಬದಿಯ ಅಪಾಯದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಅದು ಗೌರವ ಹೆಚ್ಚಾಗುವುದು. ಗುಂಪಿನಲ್ಲಿ ಒಬ್ಬರು ನಿವೃತ್ತ ಪ್ರಾಧ್ಯಾಪಕರು, ಇನ್ನೊಬ್ಬರು ಅಧಿಕಾರಿ, ಮತ್ತೊಬ್ಬರು ಮಠದ ಸ್ವಾಮಿಗಳು. ಅವರು ತಪ್ಪು ಇಸವಿ ಬರೆದರೂ ಕೆಳಗೆ ಕೈಮುಗಿದ ಚಿತ್ರಗಳ ಸಾಲು ಬೀಳುತ್ತದೆ, ‘ಅದ್ಭುತ ಸರ್’ ಎಂಬ ಪ್ರತಿಕ್ರಿಯೆ ಬರುತ್ತದೆ. ತಪ್ಪು ಕಂಡ ವಿದ್ಯಾರ್ಥಿ ಸುಮ್ಮನಿರುತ್ತಾನೆ. ಅವನು ಬಾಯಿ ಬಿಟ್ಟರೆ ‘ದೊಡ್ಡವರ ಜೊತೆ ಹೇಗೆ ಮಾತಾಡಬೇಕು ಗೊತ್ತಿಲ್ಲವೇ’ ಎಂಬ ಉತ್ತರ ಬರುತ್ತದೆಯೇ ಹೊರತು ಇಸವಿಯ ಬಗ್ಗೆ ಉತ್ತರ ಬರುವುದಿಲ್ಲ. ಬೈಗುಳ ಒಂದು ಬಳಗವನ್ನು ಕೆಡಿಸುವಷ್ಟೇ ಈ ಮೌನವೂ ಕೆಡಿಸುತ್ತದೆ. ‘ಸರ್, ತಾವು ಬರೆದದ್ದು 1562, ನನಗೆ ಸಿಕ್ಕ ಪುಸ್ತಕದಲ್ಲಿ 1565 ಇದೆ, ಒಮ್ಮೆ ನೋಡುವಿರಾ’ ಎಂದು ಕೇಳುವ ವಿದ್ಯಾರ್ಥಿಗೂ, ‘ಹೌದು, ನನ್ನ ತಪ್ಪು’ ಎನ್ನುವ ಪ್ರಾಧ್ಯಾಪಕರಿಗೂ ಬಳಗ ಒಂದೇ ತೂಕದ ಮರ್ಯಾದೆ ಕೊಡಬೇಕು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟದ ಮಾತು.

ಪತ್ರಿಕೆಯ ಅಂಕಣವೊಂದು ಈ ಹದವನ್ನು ಬಹುಕಾಲ ಕಾಪಾಡಿತ್ತು. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯ 1991ರಿಂದ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಬರೆದರು. ಓದುಗರು ಪದದ ಅರ್ಥ ಕೇಳಿ ಪತ್ರ ಬರೆಯುವುದು, ಅವರು ಮೂಲ, ಬಳಕೆ, ರೂಪ ತಿಳಿಸಿ ಉತ್ತರಿಸುವುದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ದುಡಿದ ವಿದ್ವಾಂಸರು ಅವರು. ಅಂಥವರ ಮುಂದೆ ಕೇಳಲು ಅಂಜಬೇಕಾದ ಪ್ರಶ್ನೆ ಯಾವುದೂ ಇಲ್ಲ ಎಂಬ ಧೈರ್ಯ ಹಳ್ಳಿಯ ಓದುಗರಿಗೂ ಬಂದದ್ದು ಆ ಅಂಕಣದ ಗೆಲುವು. ಆ ಉತ್ತರಗಳು ಮುಂದೆ ಪುಸ್ತಕ ರೂಪದಲ್ಲಿ ನಿಘಂಟೇ ಆದವು. 2021ರ ಏಪ್ರಿಲ್‌ನಲ್ಲಿ, 107ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಇನ್ನು ಕಾಗುಣಿತ. ಕನ್ನಡದ ಗುಂಪಿನಲ್ಲಿ ಹೊಸಬರ ಬಾಯಿ ಕಟ್ಟುವಂಥದ್ದು ಬಹುಶಃ ಇದರಷ್ಟು ಬೇರೆ ಯಾವುದೂ ಇಲ್ಲ. ಕುರಿಗೆ ಬಂದ ರೋಗದ ಬಗ್ಗೆ ಮೂವತ್ತು ವರ್ಷದ ಅನುಭವ ಇರುವವರು ‘ಹ’ಕಾರ ‘ಅ’ಕಾರ ಅದಲು ಬದಲು ಮಾಡಿ ಬರೆಯಬಹುದು. ಅದನ್ನು ಹಿಡಿದು ನಗುವವರಿಗೆ ಕುರಿಯ ರೋಗದ ಬಗ್ಗೆ ಏನೂ ಗೊತ್ತಿರುವುದಿಲ್ಲ. ನಕ್ಕ ಮೇಲೆ ಗೊತ್ತಾಗುವುದೂ ಇಲ್ಲ, ಏಕೆಂದರೆ ಆ ಮನುಷ್ಯ ಮತ್ತೆ ಬರೆಯುವುದಿಲ್ಲ. ‘ಬರಾಕ ಹತ್ಯಾರ’ ಎಂದು ಬರೆದರೆ ಬೆಂಗಳೂರು ಕಡೆಯವರು ನಕ್ಕದ್ದುಂಟು, ಮೈಸೂರಿನ ಮಾತಿಗೆ ಈ ಕಡೆಯವರು ಕೊಂಕು ಹೇಳಿದ್ದೂ ಉಂಟು. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ‘ಕನ್ನಡ ಬರಹವನ್ನು ಸರಿಪಡಿಸೋಣ’ ಎಂಬ ಪುಸ್ತಕ ಬರೆದು, ಕನ್ನಡಿಗರ ಉಲಿಕೆಯಲ್ಲಿಲ್ಲದ ಮಹಾಪ್ರಾಣಗಳು ಬರಹದಲ್ಲಿ ಏಕೆ ಎಂದು ಕೇಳಿದಾಗ ಜಾಲದಲ್ಲಿ ಎದ್ದ ಗದ್ದಲ ಈ ವಿಷಯದಲ್ಲಿ ಪಾಠವಾಗುವಂಥದ್ದು. ‘ಹೊನಲು’ ಎಂಬ ಜಾಲತಾಣ ಆ ಬರಹದ ಬಗೆಯನ್ನೇ ಬಳಸಿ ವಿಜ್ಞಾನ, ಅಡುಗೆ, ಆಟೋಟದ ಬರಹಗಳನ್ನು ಪ್ರಕಟಿಸುತ್ತ ಬಂತು. ಒಪ್ಪದವರಿಗೆ ಒಪ್ಪದಿರಲು ಗಟ್ಟಿ ಕಾರಣಗಳಿವೆ, ಹಳೆಯ ಸಾಹಿತ್ಯದ ಓದು ಕಡಿದುಹೋಗುತ್ತದೆ ಎಂಬುದು ಅವುಗಳಲ್ಲಿ ಒಂದು. ಆದರೆ ಎಷ್ಟೋ ಸಲ ಆ ಕಾರಣಗಳು ಪಕ್ಕಕ್ಕೆ ಸರಿದು ‘ಇವರು ಕನ್ನಡದ್ರೋಹಿಗಳು’, ‘ಅವರು ಸಂಸ್ಕೃತದ ಗುಲಾಮರು’ ಎಂಬ ಎರಡು ಬಾಣಗಳಷ್ಟೇ ಹಾರಾಡಿದವು. ಇಂಜಿನ್ ಕೆಲಸ ಮಾಡುವ ಬಗೆಯನ್ನು ತಿಳಿಸುವ ಲೇಖನದ ಕೆಳಗೆ ಇಂಜಿನ್ನಿನ ಮಾತು ಒಂದೂ ಇಲ್ಲದೆ, ‘ಭ’ಕಾರದ ಮಾತೇ ತುಂಬಿದರೆ ಓದಲು ಬಂದವರಿಗೆ ಆಗುವ ನಷ್ಟ ಎರಡೂ ಪಂಗಡದವರಿಗೆ ಕಾಣಲಿಲ್ಲ.

ಒಳ್ಳೆಯ ಮನಸ್ಸೊಂದೇ ಸಾಲದು ಎಂಬುದಕ್ಕೂ ಉದಾಹರಣೆ ಬೇಕು. 2009ರ ಆಸುಪಾಸಿನಿಂದ 2011ರವರೆಗೆ ಗೂಗಲ್ ಸಂಸ್ಥೆ ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಇಂಗ್ಲಿಷ್ ಲೇಖನಗಳನ್ನು ಅನುವಾದಿಸಿ ಹಾಕಿಸಿತು. ಅನುವಾದಕರಿಗೆ ಸಂಬಳವಿತ್ತು, ಕೈಯಲ್ಲಿ ಯಂತ್ರಾನುವಾದದ ಸಲಕರಣೆಯಿತ್ತು. ಬಂಗಾಳಿ ಬಳಗ ಆ ಲೇಖನಗಳ ಭಾಷೆ ನೋಡಿ ತಡೆಯಿತು. ತಮಿಳು ಬಳಗ ಸಂಸ್ಥೆಯೊಂದಿಗೆ ಕೂತು ಯಾವ ವಿಷಯ, ಎಂಥ ಭಾಷೆ ಎಂದು ಮಾತಾಡಿ ದಾರಿಗೆ ತರಲು ನೋಡಿತು. ಕನ್ನಡದಲ್ಲಿ ಉದ್ದುದ್ದ ಲೇಖನಗಳು ರಾಶಿ ಬಿದ್ದವು. ವಾಕ್ಯ ಇಂಗ್ಲಿಷಿನದು, ಅಕ್ಷರ ಕನ್ನಡದ್ದು. ಅವನ್ನು ತಿದ್ದಲು ಬೇಕಾದಷ್ಟು ಕೈಗಳು ಇರಲಿಲ್ಲ. ಬಳಗಕ್ಕೆ ಪುಟಗಳು ಸಿಕ್ಕವು, ಸದಸ್ಯರು ಸಿಗಲಿಲ್ಲ. ಬರೆದವರು ಅರಳಿ ಕಟ್ಟೆಗೆ ಬಂದು ಕೂತು ಮಾತಾಡಿದವರಲ್ಲ, ಕೆಲಸ ಮುಗಿದಾಗ ಹೋದವರು. ಹೊರಗಿನಿಂದ ನೆರವು ನೀಡಲು ಬರುವ ಯಾರೇ ಆಗಲಿ, ಮೊದಲು ಕಟ್ಟೆಗೆ ಬಂದು ‘ಹೀಗೆ ಮಾಡಬೇಕೆಂದಿದ್ದೇವೆ, ನಿಮಗೆ ಬೇಕೇ’ ಎಂದು ಕೇಳುವುದು ಇದರಿಂದ ಕಲಿಯಬೇಕಾದ ನಡೆ. ಕಾಲೇಜುಗಳ ಮೂಲಕ ಅಂಕಕ್ಕಾಗಿ ವಿದ್ಯಾರ್ಥಿಗಳಿಂದ ಲೇಖನ ಬರೆಸುವವರಿಗೂ ಇದು ಅನ್ವಯಿಸುತ್ತದೆ.

ಸ್ಕಾಟ್ಸ್ ಭಾಷೆಯ ವಿಕಿಪೀಡಿಯದ ಕಥೆ ಇನ್ನೂ ನೋವಿನದು. 2020ರ ಆಗಸ್ಟ್‌ನಲ್ಲಿ ಒಂದು ಸಂಗತಿ ಬಯಲಾಯಿತು. ಆ ಭಾಷೆ ಬಾರದ ಅಮೆರಿಕದ ಹುಡುಗನೊಬ್ಬ ಹನ್ನೆರಡನೆಯ ವಯಸ್ಸಿನಿಂದ ವರ್ಷಗಟ್ಟಲೆ ಅಲ್ಲಿ ಸಾವಿರಾರು ಲೇಖನ ಬರೆದಿದ್ದ. ನಿಘಂಟು ಇಟ್ಟುಕೊಂಡು ಇಂಗ್ಲಿಷಿನ ಪದ ತೆಗೆದು ಸ್ಕಾಟ್ಸ್ ಪದ ಕೂರಿಸಿದ್ದ. ಕೆಟ್ಟ ಉದ್ದೇಶ ಇರಲಿಲ್ಲ. ತಿದ್ದಬೇಕಾದವರು ಹತ್ತಿರ ಸುಳಿದಿರಲಿಲ್ಲ. ಸುದ್ದಿಯಾದ ಮೇಲೆ ಜಗತ್ತಿನ ಮೂಲೆಮೂಲೆಯಿಂದ ಆ ಹುಡುಗನ ಮೇಲೆ ಬೈಗುಳ ಸುರಿಯಿತು. ಒಂದು ಭಾಷೆಗೆ ಹಾನಿಯಾಯಿತು, ನಿಜ. ಆದರೆ ಬೈದವರಲ್ಲಿ ಎಷ್ಟು ಜನ ಬಂದು ಒಂದು ಲೇಖನ ತಿದ್ದಿದರು? ಸಣ್ಣ ಭಾಷೆಗಳ ಬಳಗದಲ್ಲಿ ತಪ್ಪನ್ನು ಹೇಳದೆ ಬಿಡುವುದು, ಆಮೇಲೆ ಒಮ್ಮೆಗೇ ಮೈಮೇಲೆ ಬೀಳುವುದು, ಎರಡೂ ಒಂದೇ ಅಸಡ್ಡೆಯ ಮಕ್ಕಳು. ಮೊದಲ ಹತ್ತು ಲೇಖನಕ್ಕೇ ಯಾರಾದರೂ ‘ತಮ್ಮಾ, ಇದು ಹೀಗಲ್ಲ’ ಎಂದಿದ್ದರೆ ಆ ಉತ್ಸಾಹ ಬೇರೆ ಕೆಲಸಕ್ಕೆ ಒದಗುತ್ತಿತ್ತು.

ಹೊಲದ ಮಾತಿಗೆ ಬಂದಾಗ ಪಣ ಇನ್ನಷ್ಟು ದೊಡ್ಡದು. ಹಾವೇರಿ ಜಿಲ್ಲೆಯ ಮಳೆಯಾಶ್ರಿತ ಹೊಲಗಳಲ್ಲಿ ಗೋವಿನಜೋಳ ಮುಖ್ಯ ಬೆಳೆ. ಅಮೆರಿಕ ಖಂಡದಿಂದ ಆಫ್ರಿಕಕ್ಕೆ ದಾಟಿದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಪಕ್ಕದ ಶಿವಮೊಗ್ಗದ ಗೋವಿನಜೋಳದ ಹೊಲಗಳಲ್ಲಿ, ಅಲ್ಲಿನ ಕೃಷಿ ವಿಜ್ಞಾನಿಗಳ ಕಣ್ಣಿಗೆ. ಸುಳಿಯೊಳಗೆ ಕೂತು ತಿನ್ನುವ ಈ ಲದ್ದಿಹುಳುವನ್ನು ಗುರುತಿಸಲು ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಗುರುತು, ಬಾಲದ ಕಡೆ ಚೌಕವಾಗಿ ನಾಲ್ಕು ಚುಕ್ಕೆ ನೋಡಬೇಕು. ರೈತರೊಬ್ಬರು ದೂರದಿಂದ ತೆಗೆದ ಮಸುಕು ಫೋಟೊ ಗುಂಪಿಗೆ ಹಾಕಿ ‘ಏನ್ ಹೊಡೀಬೇಕ್ರೀ’ ಎಂದು ಕೇಳುತ್ತಾರೆ. ಐದು ನಿಮಿಷದಲ್ಲಿ ಮೂರು ಔಷಧದ ಹೆಸರು ಬರುತ್ತದೆ. ಹುಳು ಯಾವುದೆಂದು ಕೇಳಿದವರು ಯಾರೂ ಇಲ್ಲ, ಬೆಳೆ ಎಷ್ಟು ದಿನದ್ದು ಎಂದು ಕೇಳಿದವರೂ ಇಲ್ಲ. ಒಬ್ಬರು ಅಂಗಡಿಯವರು ಹೇಳಿದ್ದನ್ನು ಹೇಳುತ್ತಾರೆ, ಇನ್ನೊಬ್ಬರು ತಾವು ಹೊಡೆದು ಫಲ ಕಂಡದ್ದನ್ನು, ಮತ್ತೊಬ್ಬರು ಎಲ್ಲೋ ಓದಿದ್ದನ್ನು. ಕೇಳಿದವರಿಗೆ ಮೂರೂ ಒಂದೇ ತೂಕದ ಉತ್ತರಗಳಾಗಿ ಕಾಣುತ್ತವೆ. ಇಲ್ಲಿ ಸಭ್ಯತೆ ಎಂದರೆ ನಯವಾದ ಮಾತು ಅಷ್ಟೇ ಆಗಲಾರದು. ‘ತಲೆ ಕಾಣುವ ಹಾಗೆ ಹತ್ತಿರದಿಂದ ಇನ್ನೊಂದು ಫೋಟೊ ಕಳಿಸಿ’ ಎಂದು ಮೊದಲು ಕೇಳುವುದೇ ಸಭ್ಯತೆ. ‘ಇದು ನಾನು ಮಾಡಿ ನೋಡಿದ್ದು’, ‘ಇದು ಕೇಳಿದ್ದು’ ಎಂದು ಬಿಡಿಸಿ ಹೇಳುವುದು ಎದುರಿನವರ ಹೊಲಕ್ಕೆ ಕೊಡುವ ಮರ್ಯಾದೆ.

ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ ಈ ಮರ್ಯಾದೆಯನ್ನು ಅಚ್ಚಿನಲ್ಲಿ ಸಾಧಿಸಿ ತೋರಿಸಿತು. ಶ್ರೀಪಡ್ರೆಯವರು ಮುಂದೆ ನಿಂತು ಬೆಳೆಸಿದ ಈ ಮಾಸಪತ್ರಿಕೆಯ ಹಟ ಒಂದೇ, ಲೇಖನಿ ರೈತರ ಕೈಯಲ್ಲಿರಬೇಕು ಎಂಬುದು. ತಾನು ತೋಟದಲ್ಲಿ ಮಾಡಿದ್ದನ್ನು ರೈತನೇ ಬರೆಯುತ್ತಾನೆ, ಓದಿದವರು ಅವನನ್ನೇ ಸಂಪರ್ಕಿಸಿ ಕೇಳಬಹುದು. ಬರೆದವರ ಹೆಸರು, ಊರು ಇರುವುದರಿಂದ ಸುಳ್ಳು ಹೇಳುವುದು ಕಷ್ಟ, ಕೇಳುವುದು ಸುಲಭ. ಇಂದಿನ ಎಷ್ಟೋ ಗುಂಪುಗಳು ವೇಗದಲ್ಲಿ ಆ ಪತ್ರಿಕೆಯನ್ನು ಹಿಂದೆ ಹಾಕಿವೆ, ಹೊಣೆಯಲ್ಲಿ ಅದರ ಹತ್ತಿರ ಬಂದಿಲ್ಲ.

ಹೊಣೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಅದೇ 2018ರಲ್ಲಿ ಕಂಡಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶ ಗುಂಪಿನಿಂದ ಗುಂಪಿಗೆ ಹರಿದು, ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊರ ರಾಜ್ಯದ ಕೂಲಿಕಾರನೊಬ್ಬನನ್ನು, ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಇಂಜಿನಿಯರೊಬ್ಬರನ್ನು ಜನ ಹೊಡೆದು ಕೊಂದರು. ಆ ತಿಂಗಳೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದೆಂಬ ಮಿತಿ ಹಾಕಿತು. ದಾಟಿಸಿದವರಲ್ಲಿ ಹೆಚ್ಚಿನವರು ‘ಗೊತ್ತಿದ್ದದ್ದನ್ನು ಹಂಚಿಕೊಂಡೆ’ ಎಂದೇ ನಂಬಿದ್ದವರು. ಅವರಿಗೆ ಗೊತ್ತಿರಲಿಲ್ಲ, ಬಂದಿತ್ತು ಅಷ್ಟೇ.

ಬಂದದ್ದನ್ನು ಕಳಿಸುವ ಈ ರೂಢಿಯಲ್ಲಿಯೇ ಇನ್ನೊಂದು ಅನ್ಯಾಯ ಬೆಳೆದಿದೆ. ಯಾರೋ ತಿಂಗಳುಗಟ್ಟಲೆ ಓದಿ ಬರೆದ ಲೇಖನದಿಂದ ಹೆಸರು ಕತ್ತರಿಸಿ, ಕೊನೆಗೆ ‘ಸಂಗ್ರಹ’ ಎಂದೋ ‘ಕೃಪೆ: ವಾಟ್ಸಾಪ್’ ಎಂದೋ ಹಾಕುತ್ತಾರೆ. ವಾಟ್ಸಾಪ್ ಲೇಖನ ಬರೆಯುವುದಿಲ್ಲ. ಬರೆದವರು ಒಬ್ಬರು ಇದ್ದಾರೆ, ಆ ಸಂದೇಶ ಎಂದೋ ಒಂದು ದಿನ ಅವರ ಮೊಬೈಲಿಗೇ ಬಂದು ಬೀಳುತ್ತದೆ. ಇದಕ್ಕೆ ವಿರುದ್ಧವಾದ ಒಂದು ಒಳ್ಳೆಯ ಮಾದರಿಯೂ ಇಲ್ಲಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ‘ಅಲರ್’ ಎಂಬ ಹೆಸರಿನಲ್ಲಿ ಜಾಲಕ್ಕೆ ಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಆ ಭಂಡಾರವನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಡಲಾಯಿತು. ಪುಕ್ಕಟೆ ಕೊಟ್ಟವರ ಹೆಸರನ್ನಾದರೂ ಹೇಳುವುದು ಪಡೆದವರ ಪಾಲಿನ ಕೆಲಸ.

ಅಧಿಕಾರದ ಮಾತೂ ಇದೆ. ಯಾವ ಗುಂಪಿಗಾದರೂ ನಿರ್ವಾಹಕರು ಇರುತ್ತಾರೆ, ತೆಗೆಯುವ ಹಾಕುವ ಗುಂಡಿ ಅವರ ಕೈಯಲ್ಲಿರುತ್ತದೆ. ಕ್ರೊಯೇಷಿಯನ್ ವಿಕಿಪೀಡಿಯವನ್ನು ಒಂದೇ ಪಕ್ಷದ ನಿರ್ವಾಹಕರ ಗುಂಪು ಹಿಡಿದುಕೊಂಡು, ಭಿನ್ನ ಮಾತಿನವರನ್ನು ಹೊರಗಟ್ಟಿ, ದೇಶದ ಇತಿಹಾಸವನ್ನೇ ವರ್ಷಗಟ್ಟಲೆ ತಿರುಚಿತ್ತು ಎಂದು 2021ರ ವರದಿಯೊಂದು ದಾಖಲಿಸಿತು. 2021ರಲ್ಲಿಯೇ ವಿಕಿಮೀಡಿಯ ಬಳಗಗಳೆಲ್ಲಕ್ಕೂ ಒಂದು ಸಾರ್ವತ್ರಿಕ ನೀತಿಸಂಹಿತೆ ಪ್ರಕಟವಾಯಿತು. ಕಿರುಕುಳ, ಖಾಸಗಿ ವಿವರ ಬಯಲು ಮಾಡುವುದು, ಅಧಿಕಾರದ ದುರ್ಬಳಕೆ ಇವುಗಳನ್ನು ಅದು ಹೆಸರಿಟ್ಟು ತಡೆಯುತ್ತದೆ. ಊರಿನ ವಾಟ್ಸಾಪ್ ಗುಂಪಿಗೆ ಇಂಥ ಸಂಹಿತೆ ಇಲ್ಲ. ಗುಂಪಿಗೆ ಸೇರಿದ ಹೆಣ್ಣುಮಗಳ ಫೋನ್ ನಂಬರು ಎಲ್ಲ ಸದಸ್ಯರಿಗೂ ಕಾಣುತ್ತದೆ, ರಾತ್ರಿ ಹತ್ತಕ್ಕೆ ‘ಹಾಯ್’ ಎಂದು ಸಂದೇಶ ಬರುತ್ತದೆ, ಮರುದಿನ ಆಕೆ ಗುಂಪು ಬಿಡುತ್ತಾಳೆ. ಬಿಟ್ಟ ಕಾರಣ ಯಾರಿಗೂ ತಿಳಿಯುವುದಿಲ್ಲ. ನಿರ್ವಾಹಕರು ಆಕೆಯನ್ನು ಪ್ರತ್ಯೇಕವಾಗಿ ವಿಚಾರಿಸಿ, ಕಾಡಿದವನನ್ನು ತೆಗೆಯುವುದು ಕಾನೂನಿಗಿಂತ ಮೊದಲು ಬರಬೇಕಾದ ಕೆಲಸ.

ಸರ್ವಜ್ಞನ ಹೆಸರಿಗೇ ಮತ್ತೆ ಬರಬೇಕು. ಇಂದು ಜಾಲದಲ್ಲಿ ಓಡಾಡುವ ‘ಸರ್ವಜ್ಞ ವಚನ’ಗಳಲ್ಲಿ ಎಲ್ಲವೂ ಅವನವಲ್ಲ. ಮೂರು ಸಾಲು ಕಟ್ಟಿ ಕೊನೆಗೆ ಅವನ ಅಂಕಿತ ಹಚ್ಚಿದರೆ ಸಾಕು, ಹಳೆಯದಾಗಿಬಿಡುತ್ತದೆ. ಈ ತೊಡಕು ಹೊಸದೇನಲ್ಲ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕ್ರೈಸ್ತ ಪಾದ್ರಿ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ಬೆನ್ನು ಹತ್ತಿದಾಗ ಅವರ ಮುಂದೆಯೂ ಇದೇ ಪ್ರಶ್ನೆ ಇತ್ತು. ಹಸ್ತಪ್ರತಿ ಹುಡುಕಿ, ಜನರ ಬಾಯಿಂದ ಕೇಳಿ, ಪಾಠಗಳನ್ನು ಹೋಲಿಸಿ, ಸುಮಾರು ಎರಡು ಸಾವಿರ ತ್ರಿಪದಿಗಳ ಸಂಗ್ರಹವನ್ನು 1924ರಲ್ಲಿ ಹೊರತಂದರು. ಮತದ ಗಡಿ ಆ ಕೆಲಸಕ್ಕೆ ಅಡ್ಡ ಬರಲಿಲ್ಲ. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಗುಂಪಿನಲ್ಲಿ ಯಾರಾದರೂ ಹುಸಿ ತ್ರಿಪದಿ ಹಾಕಿದಾಗ ‘ಸುಳ್ಳು, ಇದು ಸರ್ವಜ್ಞನದಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳುವ ಬದಲು ‘ಉತ್ತಂಗಿಯವರ ಸಂಗ್ರಹದಲ್ಲಿ ಸಿಗಲಿಲ್ಲ, ತಮಗೆ ಎಲ್ಲಿ ಸಿಕ್ಕಿತು’ ಎಂದು ಕೇಳಿದರೆ ಸಾಕು. ಕೇಳಿಸಿಕೊಂಡವರು ಹುಡುಕಲು ಹೋಗುತ್ತಾರೆ, ಮುನಿಸಿಕೊಂಡು ಹೋಗುವುದಿಲ್ಲ.

ಪುಸ್ತಕವೇ ಇಲ್ಲದ ತಿಳಿವಿಗೆ ಏನು ಮಾಡಬೇಕು? ‘ಆಧಾರ ಕೊಡಿ’ ಎಂಬ ಮಾತು ಬಲ್ಲವರ ಕೈಯಲ್ಲಿ ಸಲಕರಣೆ, ಒಮ್ಮೊಮ್ಮೆ ದೊಣ್ಣೆ. ಅಚ್ಚಾಗದ ಮಾತನ್ನು ವಿಕಿಪೀಡಿಯ ಒಪ್ಪುವುದಿಲ್ಲವೆಂದರೆ ಬಾಯಿಮಾತಿನಲ್ಲಿ ಬಾಳಿದ ಸಮುದಾಯಗಳು ಹೊರಗೇ ಉಳಿಯುತ್ತವೆ. 2011ರಲ್ಲಿ ಅಚಲ್ ಪ್ರಭಾಲಾ ಅವರ ಮುಂದಾಳತ್ವದಲ್ಲಿ ಹಿಂದಿ, ಮಲಯಾಳಂ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ ಜನರ ಮಾತನ್ನೇ ಧ್ವನಿಮುದ್ರಿಸಿ ಆಧಾರವಾಗಿ ಕೊಡುವ ಪ್ರಯೋಗ ನಡೆಯಿತು. ಆ ಮೂರರಲ್ಲಿ ಕನ್ನಡ ಇರಲಿಲ್ಲ. ಲಾವಣಿ, ಹಂತಿಪದ, ಡೊಳ್ಳಿನ ಪದಗಳ ನಾಡಿಗೆ ಬೇಕಾದದ್ದೇ ಅಂಥ ಪ್ರಯೋಗ.

ಮಾಸೂರಿನ ಹತ್ತಿರ, ಗುಡ್ಡಗಳ ನಡುವೆ, ಕುಮುದ್ವತಿಯ ನೀರನ್ನು ತಡೆದು ಕಟ್ಟಿದ ಮದಗದ ಕೆರೆ ಇದೆ. ‘ಮಾಯದಂಥ ಮಳೆ’ಯ ಜನಪದ ಹಾಡಿನಲ್ಲಿ ಬರುವ ಮದಗ ಇದೇ, ಕೆಂಚಮ್ಮನ ಕೆರೆ ಇದೇ ಎಂದು ಈ ಸೀಮೆಯ ಜನ ಹೇಳುತ್ತಾರೆ. ಚಿಕ್ಕಮಗಳೂರು ಜಿಲ್ಲೆಯ ಕಡೂರಿನವರು ಅದು ತಮ್ಮ ಮದಗದ ಕೆರೆ ಎನ್ನುತ್ತಾರೆ. ಪರದೆಯ ಮೇಲೆ ಈ ಮಾತು ಎದ್ದರೆ ಹೇಗೆ ನಡೆಯಬಹುದು ಎಂದು ಊಹಿಸುವುದು ಕಷ್ಟವಲ್ಲ. ಒಬ್ಬರು ‘ಹಾವೇರಿ’ ಎಂದು ಬರೆಯುತ್ತಾರೆ, ಇನ್ನೊಬ್ಬರು ಅಳಿಸಿ ‘ಚಿಕ್ಕಮಗಳೂರು’ ಎನ್ನುತ್ತಾರೆ. ಇಂಗ್ಲಿಷ್ ವಿಕಿಪೀಡಿಯದ ನಿಯಮದಂತೆ ಒಬ್ಬರು ಇಪ್ಪತ್ತನಾಲ್ಕು ಗಂಟೆಯಲ್ಲಿ ಒಂದೇ ಪುಟವನ್ನು ಮೂರಕ್ಕಿಂತ ಹೆಚ್ಚು ಸಲ ಹೀಗೆ ಹಿಂದಿರುಗಿಸಿದರೆ ತಡೆ ಬೀಳುತ್ತದೆ, ಮಾತು ಚರ್ಚೆಯ ಪುಟಕ್ಕೆ ಹೋಗಬೇಕಾಗುತ್ತದೆ. ಪುಟದಲ್ಲಿ ಎರಡೂ ಊರಿನ ಹೇಳಿಕೆ, ಯಾರು ಎಲ್ಲಿ ಹೇಳಿದ್ದು ಎಂಬುದರ ಸಮೇತ, ನಿಲ್ಲಬಹುದು. ಅಳಿಸಿದ ಸಾಲೂ ‘ಇತಿಹಾಸ’ದಲ್ಲಿ ಉಳಿದಿರುತ್ತದೆ. ಅಬಲೂರಿನ ಕಲ್ಲಿಗೆ ಇಲ್ಲದ ಅನುಕೂಲ ಇದು. ಆ ಹಾಡನ್ನು ಬಾಯಲ್ಲಿ ಉಳಿಸಿಕೊಂಡವರು ಎರಡೂ ಕಡೆ ಇದ್ದಾರೆ. ಅವರ ಮನೆಗೆ ಹೋಗಿ ಹಾಡಿಸಿ, ಮುದ್ರಿಸಿ, ಯಾವ ಊರು, ಯಾರ ಬಾಯಿ, ಯಾವ ವರ್ಷ ಎಂದು ಬರೆದು ಹಾಕಲು ಕಡೂರಿನವರೂ ಮಾಸೂರಿನವರೂ ಒಂದೇ ಚರ್ಚೆಯ ಪುಟದಲ್ಲಿ ದಿನ ಗೊತ್ತು ಮಾಡಿಕೊಂಡರೆ ಕೆಲಸ ಶುರುವಾಗುತ್ತದೆ.